ಪ್ರಾರಬ್ಧವೂ ವಂಶವಾಹಿಯೂ

ಲೂಪಸ್ ಎಂಬ ವ್ಯಾಧಿಯು, ಹತ್ತು ಮಂದಿ ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಸ್ತ್ರೀಯರೇ ಆಗಿರುವಂತೆ, ಅದರಲ್ಲಿಯೂ ಪ್ರಾಯದಲ್ಲಿರುವವರನ್ನೇ ಹೆಚ್ಚಾಗಿ ಹಿಡಿಯುವುದನ್ನು ಕಂಡು, ಹಿರಿಯರು "ಪೂರ್ವಜನ್ಮದ ಕರ್ಮ" ಎಂದು ನಿಟ್ಟುಸಿರುಬಿಟ್ಟರೆ, ವಿಜ್ಞಾನ ಬಲ್ಲವರು ಅದೇ ನಿಟ್ಟುಸಿರನ್ನು "ವಂಶವಾಹಿಯ ದೋಷ" ಎಂದು ಬಿಡುತ್ತಾರೆ. ಹಾಗಾದರೆ ವಂಶವಾಹಿಯೆಂಬುದು ಪ್ರಾರಬ್ಧದ ನೂತನ ನಾಮಧೇಯವೆ?

1957ರಲ್ಲಿ ಲಂಡನ್ನಿನ ಪ್ರಯೋಗಶಾಲೆಯೊಂದರಲ್ಲಿ ಐಸಾಕ್ಸ್ ಮತ್ತು ಲಿಂಡನ್‌ಮನ್ ಎಂಬಿಬ್ಬರು ಕಂಡುಹಿಡಿದ ಇಂಟರ್‌ಫೆರಾನ್ ಎಂಬ ಪ್ರೋಟೀನು, ವೈರಸ್ಸು ಹೊಕ್ಕ ಜೀವಕೋಶವು ನೆರೆಯ ಕೋಶಗಳಿಗೆ ಕಳುಹಿಸುವ ಎಚ್ಚರಿಕೆ. ಲೂಪಸ್ಸಿನಲ್ಲಿಯಾದರೋ, ಸತ್ತ ಸ್ವಂತ ಕೋಶಗಳ ಅವಶೇಷವನ್ನೇ ದೇಹವು ವೈರಸ್ಸೆಂದು ಬಗೆಯುವುದರಿಂದ, ನಿಲ್ಲಬೇಕಾದ ಎಚ್ಚರಿಕೆ ನಿಲ್ಲದೆ, ಚರ್ಮ, ಕೀಲು, ಮೂತ್ರಪಿಂಡಗಳವರೆಗೂ ಉರಿಯೂತವು ಹಬ್ಬುತ್ತದೆ. ಈ ಎಚ್ಚರಿಕೆಯನ್ನು ತುಸು ಏರಿಸುವ ಐಆರ್‌ಎಫ್5, ಸ್ಟ್ಯಾಟ್4 ಮೊದಲಾದ ವಂಶವಾಹಿಗಳ ಭೇದಗಳು ಹಲವಿವೆ. ಒಂದೊಂದೂ ಅಪಾಯವನ್ನು ಅಲ್ಪವಾಗಿ ಹೆಚ್ಚಿಸುತ್ತದೆ, ಅಷ್ಟೆ. ವಂಶವಾಹಿಗಳೆಲ್ಲ ಸಮಾನವಾದ ಅವಳಿಗಳಲ್ಲಿಯೂ, ಒಬ್ಬಳು ನರಳುವಾಗ ಮತ್ತೊಬ್ಬಳು ಸುಖವಾಗಿರುವುದು ವಿರಳವಲ್ಲ. ಬಿಸಿಲು, ಸೋಂಕು, ಸ್ತ್ರೀಸಹಜವಾದ ಹಾರ್ಮೋನುಗಳು ಇವೆಲ್ಲ ನಡುವೆ ಕೈಯಾಡಿಸುತ್ತವೆ. ಇದನ್ನು ವಿಧಿಯೆನ್ನಲು ಬಾರದು, ಒಲವೆನ್ನಬಹುದು.

ಕರ್ಮವಾದಕ್ಕೂ ಇಲ್ಲಿ ತೊಡಕುಂಟು. ಮಾಡಿದ್ದು ಫಲಿಸದೆ ಹೋಗುವುದು ಕೃತನಾಶ, ಮಾಡದ್ದು ಬಂದೊದಗುವುದು ಅಕೃತಾಭ್ಯಾಗಮ, ಎರಡೂ ದೋಷವೆಂದು ನಮ್ಮ ದಾರ್ಶನಿಕರು ಹೇಳಿದರು. ತಂದೆತಾಯಿಗಳಿಂದ ಬಂದ ವಂಶವಾಹಿಯ ಅಕ್ಷರಗಳಿಗೆ ಮಗಳು ಬೆಲೆ ತೆರುವುದು ಎರಡನೆಯದಲ್ಲದೆ ಮತ್ತೇನು? ಜೀವನು ತನ್ನ ಕರ್ಮಕ್ಕೆ ತಕ್ಕ ಗರ್ಭವನ್ನೇ ಸೇರುವನೆಂದು ಸಮಾಧಾನ ಹೇಳಬಹುದು. ಆದರೆ ರೋಗ ಬಂದರೂ, ಬಾರದಿದ್ದರೂ, ಅವಳಿಗಳಲ್ಲಿ ಒಬ್ಬಳಿಗಷ್ಟೇ ಬಂದರೂ ಸಮನಾಗಿ ಒಪ್ಪುವ ಆ ಸಮಾಧಾನವು, ಯಾವುದನ್ನೂ ವಿವರಿಸದೆಯೇ ಎಲ್ಲವನ್ನೂ ಮುಚ್ಚುತ್ತದೆಂದು ನನಗೆ ತೋರುತ್ತದೆ.

ಇದಕ್ಕಿಂತಲೂ ಗಹನವಾದುದು ಇನ್ನೊಂದಿದೆ. ರಕ್ಷಕಕೋಶಗಳ ಉದ್ವೇಗಕ್ಕೆ ಕಡಿವಾಣ ಹಾಕುವ ಒಂದು ಗ್ರಾಹಕ ಪ್ರೋಟೀನನ್ನು ದುರ್ಬಲಗೊಳಿಸುವ ವಂಶವಾಹಿಯ ಭೇದವೊಂದು ಆಫ್ರಿಕ ಮತ್ತು ಆಗ್ನೇಯ ಏಷ್ಯಗಳ ಜನರಲ್ಲಿ ಹೆಚ್ಚಾಗಿದೆ. ಅದು ಲೂಪಸ್ಸಿನ ಅಪಾಯವನ್ನು ಬೆಳೆಸುವುದಾದರೂ, ಮಲೇರಿಯದಿಂದ ರಕ್ಷಣೆಯನ್ನೂ ಕೊಡುವಂತೆ ಕಂಡುಬಂದಿದೆ. ಜ್ವರಪೀಡಿತ ನಾಡಿನಲ್ಲಿ ಎಷ್ಟೋ ತಲೆಮಾರುಗಳ ಶಿಶುಗಳನ್ನು ಉಳಿಸಿದ ಪಿತ್ರಾರ್ಜಿತವೇ ಒಬ್ಬ ಮೊಮ್ಮಗಳ ಮೂತ್ರಪಿಂಡವನ್ನು ಕೆಡಿಸುವುದಾದರೆ, ಅದನ್ನು ಪುಣ್ಯದ ಲೆಕ್ಕಕ್ಕೆ ಬರೆಯಬೇಕೊ, ಪಾಪದ ಲೆಕ್ಕಕ್ಕೊ? ಎರಡಕ್ಕೂ ಸೇರದ ಇಂಥದನ್ನು ಬರೆಯಲು ಚಿತ್ರಗುಪ್ತನ ಕಡತದಲ್ಲಿ ಅಂಕಣವಿಲ್ಲ.

ಪ್ರಾರಬ್ಧವೆಂಬ ಮಾತು ಉತ್ತಮಪುರುಷದಲ್ಲಿ ಮಾತ್ರ ಸಲ್ಲುವಂಥದು. ರೋಗಿಯು ತನ್ನ ಧೈರ್ಯಕ್ಕಾಗಿ ಅದನ್ನು ಹೇಳಿಕೊಂಡರೆ ಆಕ್ಷೇಪಿಸುವುದಕ್ಕೆ ನಾವಾರು? ಅವಳ ವಿಷಯದಲ್ಲಿ ನೆರೆಯವರು ಅದನ್ನಾಡಿದರೆ ಅದು ದರ್ಶನವಲ್ಲ, ನಿಷ್ಠುರತೆ. ಪುರುಷಪ್ರಯತ್ನಕ್ಕೂ ಎಡೆಯುಂಟು: ಇಂಟರ್‌ಫೆರಾನಿನ ಗ್ರಾಹಕವನ್ನೇ ತಡೆಯುವ ಅನಿಫ್ರೊಲುಮಾಬ್ ಎಂಬ ಔಷಧಕ್ಕೆ 2021ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತಿದೆ. ಆದಕಾರಣ, ಮನೆಯ ಹೆಣ್ಣುಮಗಳಿಗೆ ಈ ವ್ಯಾಧಿ ತಲೆದೋರಿದಾಗ, ತಾಯಿಯ ಕಡೆಯಿಂದ ಬಂತೊ ತಂದೆಯ ಕಡೆಯಿಂದ ಬಂತೊ ಎಂಬ ಪಂಚಾಯಿತಿಯನ್ನು ಬಿಟ್ಟು, ಮೂತ್ರಪಿಂಡಕ್ಕೆ ಹಾನಿ ತಟ್ಟುವ ಮೊದಲೇ ಅವಳನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ.