ಕರುಣೆಯೊಂದೇ ಸಾಕೆ?

ತೀವ್ರ ನಿಗಾ ಘಟಕದಲ್ಲಿ ಕೃತಕ ಉಸಿರಾಟದ ಯಂತ್ರಕ್ಕೆ ಒಳಪಟ್ಟ ರೋಗಿಯ ಗಂಟಲೊಳಗೆ ಒಂದು ಕೊಳವೆಯಿರುತ್ತದೆ. ಆತನು ಮಾತನಾಡಲಾರನು, ಸರಿಯಾಗಿ ಕೆಮ್ಮಲೂ ಆರನು. ಕೊಳವೆಯಲ್ಲಿ ಕಫ ಸೇರಿದಾಗ ದಾದಿಯು ಅದನ್ನು ಹೀರುನಳಿಕೆಯಿಂದ ತೆಗೆಯಬೇಕು. ಹಾಗೆ ತೆಗೆಯುವ ಮುನ್ನ ಕೊಳವೆಯೊಳಕ್ಕೆ ಕೊಂಚ ಲವಣಜಲವನ್ನು, ಆಸ್ಪತ್ರೆಯ ಮಾತಿನಲ್ಲಿ ಹೇಳುವುದಾದರೆ ನಾರ್ಮಲ್ ಸಲೈನನ್ನು, ಬಿಡುವ ಪದ್ಧತಿಯು ಅನೇಕ ದಶಕಗಳ ಕಾಲ ನಡೆದುಬಂದಿತು. ಗಟ್ಟಿ ಕಫವು ನೀರಾಗಿ ಸುಲಭವಾಗಿ ಹೊರಬರುವುದೆಂಬುದು ನಂಬಿಕೆ. ಹಿರಿಯ ದಾದಿ ಕಿರಿಯಳಿಗೆ ಕಲಿಸಿದಳು; ಆ ಕಿರಿಯಳು ಹಿರಿಯಳಾಗಿ ಮತ್ತೊಬ್ಬಳಿಗೆ ಕಲಿಸಿದಳು. ರೋಗಿಯ ಸಂಕಟ ಕಡಿಮೆಯಾಗಲಿ ಎಂಬ ಸದ್ಭಾವನೆಯ ಹೊರತು ಅದರ ಹಿಂದೆ ಬೇರಾವ ಉದ್ದೇಶವೂ ಇರಲಿಲ್ಲ.

ಆದರೆ ಅಳೆದು ನೋಡಿದವರಿಗೆ ಕಂಡದ್ದು ಬೇರೆ. ಕಫವೂ ಲವಣಜಲವೂ ಸುಲಭವಾಗಿ ಬೆರೆಯುವುದಿಲ್ಲ. ಬಿಟ್ಟ ನೀರಿನ ಬಹುಪಾಲು ಹೊರಬಾರದೆ ಒಳಗೇ ಉಳಿಯುತ್ತದೆ. ರೋಗಿಯ ರಕ್ತದಲ್ಲಿನ ಆಮ್ಲಜನಕದ ಪ್ರಮಾಣ ಕುಸಿಯುವುದುಂಟು. 2010ರಲ್ಲಿ ಅಮೆರಿಕದ ಉಸಿರಾಟ ಚಿಕಿತ್ಸಾ ತಜ್ಞರ ಸಂಘವು, ಇದನ್ನು ವಾಡಿಕೆಯಾಗಿ ಮಾಡಕೂಡದೆಂದು ತನ್ನ ಮಾರ್ಗಸೂಚಿಯಲ್ಲಿ ಹೇಳಿತು. ಆ ಬಳಿಕವೂ ಈ ವಾಡಿಕೆ ಎಷ್ಟೋ ಕಡೆ ನಿಲ್ಲಲಿಲ್ಲ.

ಇಲ್ಲಿ ಏಳುವ ಪ್ರಶ್ನೆ ವೈದ್ಯಶಾಸ್ತ್ರದ್ದು ಮಾತ್ರವಲ್ಲ. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸದಿಂದ ನೋವಾದರೆ ಆ ನೋವಿನ ಹೊಣೆ ಯಾರದು? ಅರಿಯದೆ ಮಾಡಿದವಳನ್ನು ಯಾರೂ ದೂರಲಾರರು. ಆದರೆ ಅರಿಯಬಹುದಾಗಿದ್ದೂ ಅರಿಯದವಳ, ಅರಿತೂ ಬದಲಾಗದವಳ ಸಂಗತಿಯೇನು? ಈ ಪತ್ರಿಕೆಯ ವಾಚಕರಿಗೆ 'ಪ್ರಮಾದ' ಎಂಬ ಶಬ್ದ ಹೊಸದಲ್ಲ. ದ್ವೇಷವಿಲ್ಲದೆಯೂ ಎಚ್ಚರಗೇಡಿತನದಿಂದ ಹಿಂಸೆ ಸಂಭವಿಸುತ್ತದೆಂದು ನಮ್ಮ ಹಿರಿಯರು ಬಹು ಹಿಂದೆಯೇ ಗುರುತಿಸಿದ್ದರು. ಸಾಕ್ಷ್ಯಾಧಾರಿತ ಶುಶ್ರೂಷೆ ಎಂದು ಇಂದು ಕರೆಯುವ ಶಿಸ್ತು, ಆ ಎಚ್ಚರವನ್ನು ರೋಗಿಯ ಹಾಸಿಗೆಯ ಬಳಿಗೆ ತರುವ ಒಂದು ಪ್ರಯತ್ನವೆಂದು ನನಗೆ ತೋರುತ್ತದೆ. ಮಾಡುವ ಪ್ರತಿಯೊಂದು ಕೆಲಸಕ್ಕೂ ಪರೀಕ್ಷಿಸಿದ ಆಧಾರವಿದೆಯೆ ಎಂದು ಕೇಳುವುದು, ಆ ಆಧಾರದೊಡನೆ ತನ್ನ ಅನುಭವವನ್ನೂ ರೋಗಿಯ ಇಚ್ಛೆಯನ್ನೂ ಕೂಡಿಸಿ ನಿರ್ಣಯಿಸುವುದು, ಇಷ್ಟೇ ಅದರ ತಿರುಳು. ಹೇಳುವುದು ಸುಲಭ.

ಕರುಣೆಯು ಒಂದನ್ನು ಹೇಳುವಾಗ ಸಾಕ್ಷ್ಯವು ಅದಕ್ಕೆ ಎದುರಾದುದನ್ನು ಹೇಳಿದರೆ ಕಷ್ಟ ಆರಂಭವಾಗುತ್ತದೆ. ಕೊಳವೆ ಹಾಕಿಸಿಕೊಂಡ ರೋಗಿ ಹೊರಳಾಡುತ್ತಾನೆ, ಕೈ ಎಳೆಯುತ್ತಾನೆ, ಅವನ ಕಣ್ಣಲ್ಲಿ ಭಯವಿರುತ್ತದೆ. ಅದನ್ನು ಕಂಡ ದಾದಿಗೆ ಮಂಪರಿನ ಔಷಧವನ್ನು ಹೆಚ್ಚಿಸಬೇಕೆನಿಸುವುದು ಸಹಜ. ಗಾಜಿನಾಚೆ ನಿಂತ ಮಗನೂ ಅದನ್ನೇ ಬೇಡುತ್ತಾನೆ. 2000ದಲ್ಲಿ ಚಿಕಾಗೊ ನಗರದ ವೈದ್ಯರು 128 ರೋಗಿಗಳ ಮೇಲೆ ನಡೆಸಿದ ಅಧ್ಯಯನವೊಂದು ಪ್ರಕಟವಾಯಿತು. ಅರ್ಧದಷ್ಟು ರೋಗಿಗಳಿಗೆ ದಿನಕ್ಕೊಮ್ಮೆ ಮಂಪರಿನ ಔಷಧವನ್ನು ನಿಲ್ಲಿಸಿ, ಎಚ್ಚರವಾಗುವವರೆಗೆ ಕಾಯಲಾಯಿತು. ಉಳಿದವರಿಗೆ ವಾಡಿಕೆಯಂತೆ ನಡೆಯಿತು. ದಿನವೂ ಎಚ್ಚರಗೊಂಡವರು ಯಂತ್ರದ ಮೇಲಿದ್ದ ಅವಧಿಯ ಮಧ್ಯಮಾಂಕ 4.9 ದಿನ, ಉಳಿದವರದು 7.3 ದಿನ. ಘಟಕದಲ್ಲಿ ಕಳೆದ ಕಾಲವೂ 9.9 ದಿನದಿಂದ 6.4 ದಿನಕ್ಕೆ ಇಳಿಯಿತು. ಯಂತ್ರದ ಮೇಲಿನ ಪ್ರತಿಯೊಂದು ಹೆಚ್ಚಿನ ದಿನವೂ ಸೋಂಕಿಗೆ ಬಾಗಿಲು ತೆರೆದಿಟ್ಟಂತೆ ಎಂಬುದನ್ನು ಬಲ್ಲವರಿಗೆ ಈ ಎರಡು ದಿನಗಳ ಬೆಲೆ ತಿಳಿದೀತು. ರೋಗಿಯು ಎಚ್ಚರಗೊಳ್ಳುವ ಆ ಗಳಿಗೆಯಲ್ಲಿ ದಾದಿಯು ಹಾಸಿಗೆಯ ಪಕ್ಕದಲ್ಲಿರಬೇಕು. ಆತನು ಕೊಳವೆ ಕಿತ್ತುಕೊಳ್ಳದಂತೆ ನೋಡಬೇಕು, ಹೆಸರು ಹಿಡಿದು ಕರೆಯಬೇಕು, ಎಲ್ಲಿದ್ದೀರಿ ಎಂದು ತಿಳಿಸಬೇಕು. ಮಂಪರು ಹೆಚ್ಚಿಸುವುದಕ್ಕಿಂತ ಇದು ಬಹು ಶ್ರಮದ ಕೆಲಸ. ಕಣ್ಣೆದುರಿನ ನೋವನ್ನು ಆ ಕ್ಷಣದಲ್ಲಿ ಮರೆಮಾಡುವುದೇ ಕರುಣೆಯೆ, ನಾಳೆಯ ನೋವನ್ನು ತಡೆಯುವುದು ಕರುಣೆಯೆ ಎಂಬ ಪ್ರಶ್ನೆಗೆ ಇಲ್ಲಿ ಅಂಕಿಗಳ ರೂಪದಲ್ಲಿ ಉತ್ತರ ದೊರೆತಿದೆ. ನೋವು ನಿವಾರಣೆಯ ಔಷಧವನ್ನೇ ಕೊಡಬಾರದೆಂದು ಇದರ ಅರ್ಥವಲ್ಲ. ಎಲ್ಲ ರೋಗಿಗಳನ್ನೂ ಹೀಗೆ ಎಬ್ಬಿಸಲಾಗದೆಂಬುದೂ ನಿಜ.

ಇನ್ನು ಮಿಷಿಗನ್ ರಾಜ್ಯದ ಸಂಗತಿ. ಕುತ್ತಿಗೆಯ ಅಥವಾ ಎದೆಯ ದೊಡ್ಡ ರಕ್ತನಾಳಕ್ಕೆ ಹಾಕುವ ಸೆಂಟ್ರಲ್ ಲೈನ್ ಎಂಬ ನಳಿಕೆಯಿಂದ ರಕ್ತಕ್ಕೆ ಸೋಂಕು ತಗಲುವುದುಂಟು. ಇದನ್ನು ತಡೆಯಲು ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ವೈದ್ಯ ಪೀಟರ್ ಪ್ರೊನೊವೊಸ್ಟ್ ಮತ್ತವರ ಸಂಗಡಿಗರು ಐದು ಕ್ರಮಗಳನ್ನು ಆಯ್ದರು. ಕೈ ತೊಳೆಯುವುದು, ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್‌ನಿಂದ ಶುದ್ಧಗೊಳಿಸುವುದು, ಟೋಪಿ, ಮುಖವಸ್ತ್ರ, ನಿಲುವಂಗಿ, ಕೈಗವಸು ಧರಿಸಿ ರೋಗಿಯ ಮೈಮೇಲೆ ದೊಡ್ಡ ಶುದ್ಧವಸ್ತ್ರ ಹೊದಿಸುವುದು, ಸಾಧ್ಯವಾದಷ್ಟೂ ತೊಡೆಯ ರಕ್ತನಾಳವನ್ನು ಬಳಸದಿರುವುದು, ಬೇಕಿಲ್ಲದ ನಳಿಕೆಯನ್ನು ಕೂಡಲೇ ತೆಗೆಯುವುದು. ಇವುಗಳಲ್ಲಿ ಒಂದೂ ಹೊಸದಲ್ಲ, ಯಾವ ವೈದ್ಯನೂ ಇವನ್ನು ಅರಿಯದವನಲ್ಲ. 2006ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ 103 ಘಟಕಗಳ ವಿವರವಿತ್ತು. ನಳಿಕೆಯಿದ್ದ ಪ್ರತಿ 1000 ದಿನಗಳಿಗೆ ಸರಾಸರಿ 7.7ರಷ್ಟಿದ್ದ ಸೋಂಕು ಒಂದೂವರೆ ವರ್ಷದಲ್ಲಿ 1.4ಕ್ಕೆ ಇಳಿದಿತ್ತು.

ವಿಸ್ಮಯವು ಆ ಪಟ್ಟಿಯಲ್ಲಿಲ್ಲ. ವೈದ್ಯನು ಒಂದು ಹೆಜ್ಜೆ ತಪ್ಪಿದರೂ, ತುರ್ತು ಸಂದರ್ಭವಲ್ಲದಿದ್ದಲ್ಲಿ, ಕೆಲಸವನ್ನು ನಿಲ್ಲಿಸುವ ಅಧಿಕಾರವನ್ನು ದಾದಿಗೆ ಕೊಡಲಾಗಿತ್ತು. 'ಡಾಕ್ಟರೇ, ತಾವು ಕೈ ತೊಳೆದಿಲ್ಲ' ಎಂದು ಇಪ್ಪತ್ತೈದರ ಹುಡುಗಿಯೊಬ್ಬಳು ಅರವತ್ತರ ತಜ್ಞರಿಗೆ ಹೇಳುವುದನ್ನು ನಮ್ಮ ಊರಿನ ಆಸ್ಪತ್ರೆಗಳಲ್ಲಿ ಊಹಿಸಿಕೊಳ್ಳಿರಿ. ಹೇಳಿದ ಮೇಲೆ ಅವಳ ಬೆನ್ನಿಗೆ ಆಡಳಿತ ಮಂಡಳಿ ನಿಲ್ಲುವುದೆಂಬ ಭರವಸೆ ಅವಳಿಗಿದೆಯೆ? ವಿನಯವನ್ನು ಗುಣವೆಂದು ಕಲಿತ ಸಮಾಜ ನಮ್ಮದು. ಹಿರಿಯರ ಎದುರು ಸುಮ್ಮನಿರುವುದು ರೋಗಿಯ ಪಾಲಿಗೆ ಕೇಡಾಗುವಾಗ ಆ ಮೌನವನ್ನು ವಿನಯವೆನ್ನಲು ನನಗೆ ಮನಸ್ಸು ಒಪ್ಪದು.

ಪಟ್ಟಿಯನ್ನು ಗೋಡೆಗೆ ಅಂಟಿಸಿದೊಡನೆ ಫಲ ಬಾರದು. ಇದೇ ಮಾದರಿಯನ್ನು ಇಂಗ್ಲೆಂಡಿನಲ್ಲಿ 2009ರಿಂದ 2011ರವರೆಗೆ ನಡೆಸಿದಾಗ ಸೋಂಕು ಇಳಿಯಿತಾದರೂ, ಯೋಜನೆಗೆ ಇನ್ನೂ ಸೇರದ ಘಟಕಗಳಲ್ಲಿಯೂ ಇಳಿಯುತ್ತಲೇ ಇತ್ತು. ಆದುದರಿಂದ ಯೋಜನೆಯ ಪಾಲು ಎಷ್ಟೆಂದು ನಿರ್ಧರಿಸುವುದು ಕಠಿಣವಾಯಿತು.

ಸಾಕ್ಷ್ಯವೇ ತಿರುಗಿಬಿದ್ದರೆ? ಇದು ಕಲ್ಪನೆಯಲ್ಲ. ತೀವ್ರ ರೋಗಿಗಳ ರಕ್ತದ ಸಕ್ಕರೆಯನ್ನು ಇನ್ಸುಲಿನ್‌ನಿಂದ ಬಿಗಿಯಾಗಿ ಹಿಡಿದಿಟ್ಟರೆ ಸಾವು ಕಡಿಮೆಯಾಗುವುದೆಂದು 2001ರಲ್ಲಿ ಬೆಲ್ಜಿಯಮ್ಮಿನ ಲೂವೆನ್ ನಗರದ ಅಧ್ಯಯನವು ತೋರಿಸಿತು. ಅಲ್ಲಿ ಘಟಕದೊಳಗಿನ ಸಾವು ನೂರಕ್ಕೆ 8.0ರಿಂದ 4.6ಕ್ಕೆ ಇಳಿದಿತ್ತು. ಅನೇಕ ದೇಶಗಳಲ್ಲಿ ದಾದಿಯರು ಮತ್ತೆ ಮತ್ತೆ ಬೆರಳು ಚುಚ್ಚಿ ಸಕ್ಕರೆ ನೋಡತೊಡಗಿದರು. 2009ರಲ್ಲಿ, 6104 ರೋಗಿಗಳನ್ನೊಳಗೊಂಡ ನೈಸ್-ಶುಗರ್ ಎಂಬ ಅಧ್ಯಯನವು ಇದಕ್ಕೆ ವಿರುದ್ಧವಾದುದನ್ನು ಸಾರಿತು: ಬಿಗಿಯಾಗಿ ಹಿಡಿದವರಲ್ಲಿ ತೊಂಬತ್ತು ದಿನಗಳೊಳಗೆ ಸತ್ತವರು ನೂರಕ್ಕೆ 27.5, ಸಡಿಲವಾಗಿ ಬಿಟ್ಟವರಲ್ಲಿ 24.9. ಸಕ್ಕರೆ ಅಪಾಯಕರವಾಗಿ ಕುಸಿದ ಪ್ರಸಂಗಗಳು 0.5ಕ್ಕೆ ಎದುರಾಗಿ 6.8. ಹಾಗಾದರೆ ನಡುವಣ ಎಂಟು ವರ್ಷ ಶ್ರದ್ಧೆಯಿಂದ ಬೆರಳು ಚುಚ್ಚಿದವರು ತಪ್ಪಿತಸ್ಥರೆ?

ಅಲ್ಲವೆಂದೇ ನನ್ನ ಅಭಿಪ್ರಾಯ. ಸಾಕ್ಷ್ಯವೆಂಬುದು ಒಂದು ಕಾಲದಲ್ಲಿ, ಒಂದು ನೆಲೆಯಿಂದ ಕಂಡ ಸತ್ಯ. ಲೂವೆನ್‌ನಲ್ಲಿ ನೋಡಿದ್ದು ಹೆಚ್ಚಾಗಿ ಶಸ್ತ್ರಚಿಕಿತ್ಸೆಯಾದ ರೋಗಿಗಳನ್ನು, ಒಂದೇ ಆಸ್ಪತ್ರೆಯಲ್ಲಿ. ಎರಡನೆಯದರಲ್ಲಿ ಬಗೆಬಗೆಯ ರೋಗಿಗಳಿದ್ದರು. ಒಂದು ಕಡೆಯಿಂದ ಕಂಡುದನ್ನೇ ಪೂರ್ಣವೆಂದು ಹಿಡಿದುಕೊಳ್ಳಬಾರದೆಂಬ ಮಾತು ನಮಗೆ ಹೊಸದೆ? ಲವಣಜಲದ ಪದ್ಧತಿಗೂ ಸಕ್ಕರೆಯ ಪದ್ಧತಿಗೂ ಇರುವ ಭೇದ ಇಲ್ಲಿದೆ: ಮೊದಲನೆಯದನ್ನು ಯಾರೂ ಬಹುಕಾಲ ಪರೀಕ್ಷಿಸಲೇ ಇಲ್ಲ, ಎರಡನೆಯದನ್ನು ಮರುಪರೀಕ್ಷಿಸಿದರು, ತಪ್ಪೆಂದು ಕಂಡಾಗ ಕೈಬಿಟ್ಟರು. ಹೊಣೆಯರಿತ ಎಚ್ಚರಕ್ಕೆ ಇಷ್ಟನ್ನೇ ಕೇಳಬಹುದು.

ಇಲ್ಲಿಯವರೆಗೆ ದಾದಿಯರ ಕರ್ತವ್ಯವನ್ನೇ ಚರ್ಚಿಸಿದೆ. ಅದು ಪೂರ್ಣ ನ್ಯಾಯವಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬಳಿಗೆ ನಾಲ್ವರು ರೋಗಿಗಳನ್ನು ಒಪ್ಪಿಸಿ, ಸಾಕ್ಷ್ಯದಂತೆ ನಡೆ ಎನ್ನುವುದು ಕ್ರೌರ್ಯವೇ ಸರಿ. ರೋಗಿಯನ್ನು ಎಬ್ಬಿಸಿ ಪಕ್ಕದಲ್ಲಿ ನಿಲ್ಲಲು ಅವಳಿಗೆ ಸಮಯವೆಲ್ಲಿದೆ?

ಕೆಲ ವರ್ಷಗಳ ಹಿಂದೆ ನಾನು ಸದಸ್ಯನಾಗಿದ್ದ ಒಂದು ಧರ್ಮದತ್ತಿಯ ಸಭೆಗೆ, ನಾವು ನೆರವು ನೀಡುತ್ತಿದ್ದ ಆಸ್ಪತ್ರೆಯ ಹಿರಿಯ ಸಿಸ್ಟರ್ ಬಂದಿದ್ದರು. ಆಕೆ ಕೇಳಿದ್ದು ಎರಡು. ಸೆಂಟ್ರಲ್ ಲೈನ್‌ಗೆ ಬೇಕಾದ ಸಾಮಗ್ರಿಗಳೆಲ್ಲ ಬೇರೆ ಬೇರೆ ಕಪಾಟುಗಳಲ್ಲಿರುವುದರಿಂದ ಅವಸರದಲ್ಲಿ ಏನಾದರೊಂದು ಬಿಟ್ಟುಹೋಗುತ್ತದೆ. ಅವನ್ನು ಒಟ್ಟಿಗೆ ಇಡಲು ಗಾಲಿಯಿರುವ ಒಂದು ಟ್ರಾಲಿ ಬೇಕು. ರಾತ್ರಿಗೆ ಇನ್ನೊಬ್ಬ ದಾದಿ ಬೇಕು. ಅದೇ ದಿನ ದಾನಿಯೊಬ್ಬರು ತಮ್ಮ ತಂದೆಯ ಸ್ಮರಣಾರ್ಥ ವೆಂಟಿಲೇಟರ್ ಕೊಡಿಸಲು ಮುಂದೆ ಬಂದಿದ್ದರು. ಟ್ರಾಲಿಯ ಮೇಲೆ ಹೆಸರು ಕೆತ್ತಿಸಲು ಸ್ಥಳವೆಲ್ಲಿ ಎಂದು ಯಾರೋ ನಗೆಯಾಡಿದರು, ನಾನೂ ನಕ್ಕೆ. ವೆಂಟಿಲೇಟರ್‌ಗೆ ಎಲ್ಲರೊಡನೆ ಕೈಯೆತ್ತಿದೆ. ಸಿಸ್ಟರ್ ಅವರ ಮನವಿಯನ್ನು ಮುಂದಿನ ಸಭೆಗೆ ಇಡಲಾಯಿತು. ಆಕೆ ತಂದಿದ್ದ ಕಾಗದವನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು, ಪಾಳಿಗೆ ಹೊತ್ತಾಯಿತೆಂದು ಹೇಳಿ ಹೊರಟರು.