ಆಳಿಗೂ ವಿಶ್ರಾಂತಿ

ಯಶವಂತಪುರದ ಮಾರುಕಟ್ಟೆಯಲ್ಲಿ ಹಮಾಲಿಗಳು ಲಾರಿಗಳಿಂದ ಧಾನ್ಯದ ಮೂಟೆಗಳನ್ನು ಬೆನ್ನ ಮೇಲೆ ಹೊತ್ತು ಇಳಿಸುವದನ್ನು ನೋಡಿರಿ. ಹೊತ್ತ ಮೂಟೆಗೆ ತಕ್ಕಷ್ಟೇ ಅವರಿಗೆ ಕೂಲಿ. ಹೊರದ ದಿನ ಕೂಲಿಯಿಲ್ಲ. ಇಂಥ ಕೆಲಸವನ್ನು ನಾವು ಹೀನವೆಂದೆಣಿಸಬಾರದು. ನಮ್ಮ ಕರ್ತನೂ ಬಡಗಿಯಾಗಿ ದುಡಿದವನೇ (ಮಾರ್ಕ 6:3).

ಆದರೆ ದುಡಿಯುವವನಿಗೆ ವಿಶ್ರಾಂತಿಯೂ ಬೇಕು. 1890ರಲ್ಲಿ ಮುಂಬಯಿಯ ಗಿರಣಿ ಕೆಲಸಗಾರರು ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳುತನದಲ್ಲಿ ಭಾನುವಾರದ ಬಿಡುವನ್ನು ಪಡೆದರು. 1948ರ ಕಾರ್ಖಾನೆಗಳ ಕಾಯಿದೆಯು ವಾರಕ್ಕೊಂದು ರಜೆಯನ್ನು ವಿಧಿಸಿತು. ಹೊಲದ ಆಳು ಆ ಕಾಯಿದೆಗೆ ಸೇರಲಿಲ್ಲ. ದೇವರ ಆಜ್ಞೆಯಾದರೋ ಅವನನ್ನು ಮರೆಯಲಿಲ್ಲ. ಐಗುಪ್ತದಲ್ಲಿ ತಾವು ದಾಸರಾಗಿದ್ದದ್ದನ್ನು ನೆನಸಿ, ತಮ್ಮಂತೆಯೇ ದಾಸದಾಸಿಯರನ್ನೂ ವಿಶ್ರಮಿಸಗೊಡಬೇಕೆಂದು ಇಸ್ರಾಯೇಲ್ಯರಿಗೆ ವಿಧಿಯಾಯಿತು (ಧರ್ಮೋಪದೇಶಕಾಂಡ 5:14-15).

ಹಾಗಾದರೆ, ನಾವು ಆಲಯದಲ್ಲಿ ಕುಳಿತಿರುವಾಗ ನಮ್ಮ ರಾಗಿಯ ಹೊಲದಲ್ಲಿ ಕೂಲಿಯವಳು ಬಗ್ಗಿ ಕಳೆ ಕೀಳುತ್ತಿದ್ದರೆ, ನಮ್ಮ ವಿಶ್ರಾಂತಿಯು ಯಾರ ಬೆನ್ನಿನ ಮೇಲಿದೆ? ಬರಿಯ ಬಿಡುವನ್ನು ಕೊಟ್ಟರೆ ಆಕೆಗೆ ಕೂಲಿ ತಪ್ಪುವದು. ಮನೆಯಲ್ಲಿ ಒಲೆ ಉರಿಯದು. ಆದದರಿಂದ ಆ ದಿನದ ಕೂಲಿಯನ್ನೂ ನಾವೇ ಕೊಡೋಣ. ನಮ್ಮ ಕೈಯಿಂದ ಹೋಗುವ ಆ ಹಣವೇ ನಮ್ಮ ಯಜ್ಞ. ನಮಗಾಗಿ ತನ್ನನ್ನೇ ಒಪ್ಪಿಸಿಕೊಟ್ಟಾತನಿಗೆ ಅದು ಮೆಚ್ಚಿಕೆಯಾಗುವದು. ಆಮೆನ್.