ಮಗುವಿನ ಗಾಯವೂ ಮನೆಯ ದಾಸೋಹವೂ

ತಂದೆಯನ್ನು ಕಳೆದುಕೊಂಡ ಬಾಲಕನೊಬ್ಬನು ಶಾಲೆಯಲ್ಲಿ ಮಂಕಾಗಿ ಕುಳಿತಿರುತ್ತಾನೆ, ಕರೆದರೆ ಬೆಚ್ಚುತ್ತಾನೆ, ನೆರೆಮನೆಯ ಬೆಲ್ಲದಚ್ಚನ್ನು ಕದ್ದು ಬಚ್ಚಿಡುತ್ತಾನೆ. “ಇವನಿಗೇನು ಕೇಡು ಬಂದಿದೆ?” ಎಂದು ನಾವು ಕೇಳುತ್ತೇವೆ. “ಇವನಿಗೆ ಏನಾಯಿತು?” ಎಂದು ಕೇಳುವವರು ವಿರಳ. ದಂಡನೆಗೂ ದಯೆಗೂ ಇರುವ ಅಂತರವೇ ಈ ಎರಡು ಪ್ರಶ್ನೆಗಳ ನಡುವೆಯೂ ಇದೆ.

ಕೃಷ್ಣರಾಜಪೇಟೆ ತಾಲ್ಲೂಕಿನ ಸಿಂಧಘಟ್ಟದಂತಹ ಗ್ರಾಮಗಳಿಗೆ ಇದು ದೂರದ ಮಾತಲ್ಲ. ೨೦೧೫ರಲ್ಲಿ ಮಂಡ್ಯ ಜಿಲ್ಲೆಯ ಅನೇಕ ರೈತರು ಸಾಲದ ಹೊರೆಯಿಂದ ಪ್ರಾಣ ನೀಗಿದರು. ೨೦೨೦-೨೧ರ ಕೋವಿಡ್ ಪಿಡುಗು ನಾಡಿನ ಎಷ್ಟೋ ಮನೆಗಳ ಆಧಾರಸ್ತಂಭವನ್ನು ಕೆಡವಿತು. ಸತ್ತವನ ಸಾಲವನ್ನು ಲೋಕವು ಲೆಕ್ಕ ಹಾಕುತ್ತದೆ. ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕಂಡ ಮಗುವಿನ ಅಂಜಿಕೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಭಯವನ್ನುಂಡ ಮಗುವಿನ ದೇಹವು ಅಪಾಯ ಕಳೆದ ಮೇಲೂ ಎಚ್ಚರದಲ್ಲಿಯೇ ಇರಬಲ್ಲುದೆಂಬುದನ್ನು ಮನೋವೈದ್ಯರು ಬಲ್ಲರು. ನಿದ್ರೆ ಕೆಡುವುದು, ಪಾಠ ತಲೆಗೆ ಹತ್ತದಿರುವುದು, ಸಣ್ಣ ಮಾತಿಗೆ ಕೆರಳುವುದು ಎಷ್ಟೋ ವೇಳೆ ದುರ್ಗುಣಗಳಲ್ಲ, ಗಾಯದ ಕುರುಹುಗಳು. ಬೆತ್ತದಿಂದ ಅದು ಮಾಯದು. ನಂಬಿಗಸ್ತರಾದ ಹಿರಿಯರೊಬ್ಬರ ನಿತ್ಯದ ಸಾಮೀಪ್ಯ, ಹೊತ್ತಿಗೆ ಸರಿಯಾದ ಊಟ, ಕೊಟ್ಟ ಮಾತಿಗೆ ತಪ್ಪದ ಮನೆ, ಇವೇ ಅದಕ್ಕೆ ಮದ್ದು.

ಹಾಗಾದರೆ ಅಂತಹ ಮಗುವನ್ನು ಒಡನೆಯೇ ಆಶ್ರಮಕ್ಕೆ ಸೇರಿಸುವುದೇ ಧರ್ಮವೆ? ಸಿದ್ಧಗಂಗೆಯಂತಹ ಮಠಗಳಲ್ಲಿ ಸಹಸ್ರಾರು ಬಡಮಕ್ಕಳು ಅನ್ನ, ಅಕ್ಷರ, ಆಶ್ರಯಗಳನ್ನು ಪಡೆದು ಬೆಳೆದುದು ನಾಡಿನ ಪುಣ್ಯ. ಆದರೆ ವಿದ್ಯೆಗಾಗಿ ಮನೆ ಬಿಡುವುದು ಬೇರೆ, ಬಡತನವೊಂದೇ ಕಾರಣವಾಗಿ ತಾಯಿಯನ್ನು ಅಗಲುವುದು ಬೇರೆ. ಎರಡನೆಯದು ಮೊದಲ ಗಾಯದ ಮೇಲೆ ಮತ್ತೊಂದು ಗಾಯ. ೨೦೧೫ರ ಬಾಲನ್ಯಾಯ ಕಾಯಿದೆಯೂ ಮಗುವಿನ ಪಾಲನೆಯ ಪ್ರಥಮ ಹೊಣೆಯನ್ನು ಕುಟುಂಬಕ್ಕೇ ಒಪ್ಪಿಸಿ, ಸಂಸ್ಥೆಯ ವಾಸವನ್ನು ಕಟ್ಟಕಡೆಯ ಉಪಾಯವೆಂದು ವಿಧಿಸಿದೆ. ಮನೆಯೇ ಹಿಂಸೆಯ ತಾಣವಾಗಿದ್ದರೆ ಮಗುವನ್ನು ಅಲ್ಲಿಂದ ಬಿಡಿಸಲೇಬೇಕು. ಅದಕ್ಕಾಗಿ ಮಕ್ಕಳ ಕಲ್ಯಾಣ ಸಮಿತಿಯಿದೆ, ೧೦೯೮ ಎಂಬ ದೂರವಾಣಿಯಿದೆ. ಆದರೆ ಮನೆ ಮುರಿದಿರುವುದು ಬಡತನದಿಂದಾದರೆ, ಮನೆಯನ್ನೇ ಎತ್ತಿ ನಿಲ್ಲಿಸುವುದು ಮೊದಲ ಕರ್ತವ್ಯ. ೨೦೨೨ರ ಮಿಷನ್ ವಾತ್ಸಲ್ಯ ಮಾರ್ಗಸೂಚಿಯು ವಿಧವೆಯರ ಮಕ್ಕಳೂ ಸೇರಿದಂತೆ ಅರ್ಹ ಮಕ್ಕಳು ಮನೆಯಲ್ಲಿಯೇ ಬೆಳೆಯಲೆಂದು ತಿಂಗಳಿಗೆ ೪,೦೦೦ ರೂಪಾಯಿಗಳ ನೆರವನ್ನು ಗೊತ್ತುಪಡಿಸಿತು. ಅದನ್ನು ಅರಿಯದ ತಾಯಿಗೆ ಅರ್ಜಿ ಬರೆದುಕೊಟ್ಟು, ಜೊತೆಯಲ್ಲಿ ಮಂಡ್ಯದ ಕಚೇರಿಯವರೆಗೆ ನಡೆಯುವುದೂ ಶಿವಪೂಜೆಯೇ.

ದಾನದಲ್ಲಿ ಕೊಡುವವನು ಮೇಲೆ ನಿಲ್ಲುವ ಭಯವಿದೆ. ದಾಸೋಹದಲ್ಲಿ ‘ನಾನು ಕೊಟ್ಟೆ’ ಎಂಬ ಭಾವಕ್ಕೆ ಎಡೆಯಿಲ್ಲ. ಅನಾಥನನ್ನು ಉದ್ಧರಿಸಿದೆನೆಂಬ ಕೀರ್ತಿ ಸುಲಭವಾಗಿ ದೊರೆಯುತ್ತದೆ. ಮಗು ಅನಾಥವಾಗದಂತೆ ಒಂದು ಮನೆಯನ್ನು ಕಾದವನ ಹೆಸರು ಯಾವ ಕಲ್ಲಿನಲ್ಲಿಯೂ ಕೆತ್ತಲ್ಪಡುವುದಿಲ್ಲ. ಆದುದರಿಂದಲೇ ಅದು ದಾಸೋಹ.

ಶರಣಬಂಧುಗಳೇ, ನಿಮ್ಮ ಕೇರಿಯಲ್ಲಿ ಮಂಕಾಗಿ ಕುಳಿತ ಮಗುವೊಂದಿದ್ದರೆ ಉಪದೇಶಕ್ಕೆ ಮುನ್ನ ಅದರ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಆಮೇಲೆ ಅದರ ತಾಯಿಯ ಒಲೆ ಉರಿಯುತ್ತಿದೆಯೇ ಎಂದು ನೋಡಿರಿ.